ವಿದ್ಯುಚ್ಛಕ್ತಿಯ ಹೊಸ ಗಾಡಿ ಕೆಟ್ಟು ನಿಂತಾಗ ಯಜಮಾನರು ಮಾಡತಕ್ಕ ಕೆಲಸ

ಎತ್ತಿನ ಗಾಡಿಯ ಅಚ್ಚು ಮುರಿದರೆ ಊರಿನ ಬಡಗಿಯೂ ಕಮ್ಮಾರನೂ ಸೇರಿ ಸರಿಪಡಿಸುವರು. ಡೀಸೆಲ್ ಎಂಜಿನ್ನು ಕೆಟ್ಟರೆ ಹೋಬಳಿಯ ಊರಿನಲ್ಲಿಯೇ ಮೆಕ್ಯಾನಿಕ್ ದೊರೆಯುವನು. ವಿದ್ಯುಚ್ಛಕ್ತಿಯಿಂದ ನಡೆಯುವ ಗಾಡಿಯ ವಿಷಯವು ಹಾಗಲ್ಲ. ಇದರಲ್ಲಿ ಸಣ್ಣ ರಿಪೇರಿಗಳು ಬಹಳ ಕಡಮೆ. ಆದರೆ ದೊಡ್ಡ ದೋಷವು ತಲೆದೋರಿದರೆ ಗಾಡಿಯು ವಾರಗಟ್ಟಲೆ ನಿಲ್ಲುವುದುಂಟು. ಅಂಥ ದಿನ ಮೊದಲ ಒಂದೆರಡು ಗಂಟೆಗಳಲ್ಲಿ ಯಜಮಾನರು ಏನು ಮಾಡುವರು, ಏನು ಮಾಡದೆ ಬಿಡುವರು ಎಂಬುದನ್ನು ಅವಲಂಬಿಸಿಯೇ ರಿಪೇರಿಯ ಖರ್ಚು ತಯಾರಕರ ಪಾಲಿಗೆ ಸೇರುವುದು, ಇಲ್ಲವೆ ಅವರ ತಲೆಯ ಮೇಲೆಯೇ ಬೀಳುವುದು.

ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ವಿದ್ಯುತ್ ಕಾರು 2001ರಲ್ಲಿಯೇ ರಸ್ತೆಗೆ ಬಂದಿತು. ಕರ್ನಾಟಕ ಸರ್ಕಾರವು 2017ರಲ್ಲಿ ಈ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಭಾರತದಲ್ಲಿ ಹೀಗೆ ಮಾಡಿದ ಮೊದಲನೆಯ ರಾಜ್ಯವು ಇದೇ. ಈಗ ಸ್ಕೂಟರು, ಮೂರು ಚಕ್ರದ ಸಾಮಾನು ಗಾಡಿ, ಕಾರು ಎಂಬ ಮೂರು ಬಗೆಯೂ ಹಳ್ಳಿಗಳನ್ನು ಪ್ರವೇಶಿಸಿವೆ. ಕೋಲಾರದ ಸೀಮೆಯಲ್ಲಿ ಟೊಮೇಟೊ ಬೆಳೆಯುವ ಒಬ್ಬ ಯಜಮಾನರು ಸಾಲ ತೆಗೆದು ಇಂಥ ಸಾಮಾನು ಗಾಡಿಯೊಂದನ್ನು ಕೊಂಡರೆಂದು ಭಾವಿಸಬಹುದು. ಕೊಯಿಲಿನ ಕಾಲದಲ್ಲಿ ಗಾಡಿ ನಿಂತರೆ ಹಣ್ಣು ಕಾಯುವುದಿಲ್ಲ, ಬ್ಯಾಂಕಿನ ಕಂತೂ ಕಾಯುವುದಿಲ್ಲ; ಮಂಡಿಗೆ ಮಾಲು ಸಾಗಿಸಲು ಬಾಡಿಗೆಯ ಹಣವನ್ನು ಬೇರೆ ತೆರಬೇಕು. ಆದಕಾರಣ ಈ ವಿಷಯವನ್ನು ಗಾಡಿ ಕೆಡುವ ಮುಂಚೆಯೇ ತಿಳಿದಿರುವುದು ಲೇಸು.

ಕೆಡುವ ಅಂಗಗಳು

ಈ ಗಾಡಿಯಲ್ಲಿ ಮುಖ್ಯವಾದ ಅಂಗಗಳು ನಾಲ್ಕು: ಶಕ್ತಿಯನ್ನು ಕೂಡಿಡುವ ಬ್ಯಾಟರಿ, ಚಕ್ರವನ್ನು ತಿರುಗಿಸುವ ಮೋಟಾರು, ಮೋಟಾರಿಗೆ ಬೇಕಾದಷ್ಟೇ ಶಕ್ತಿಯನ್ನು ಬಿಡುವ ಕಂಟ್ರೋಲರು, ಮನೆಯ ವಿದ್ಯುತ್ತಿನಿಂದ ಬ್ಯಾಟರಿಯನ್ನು ತುಂಬುವ ಚಾರ್ಜರು. ಇವುಗಳಲ್ಲಿ ಬ್ಯಾಟರಿಗೆ ಬೆಲೆ ಹೆಚ್ಚು. ಅದರೊಳಗೆ ಅನೇಕ ಸಣ್ಣ ಕೋಶಗಳು ಸಾಲಾಗಿ ಜೋಡಿಸಲ್ಪಟ್ಟಿರುತ್ತವೆ. ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ದುರ್ಬಲವಾದ ಎತ್ತಿನ ನಡಿಗೆಯೇ ಗಾಡಿಯ ನಡಿಗೆಯಾಗುವಂತೆ, ದುರ್ಬಲವಾದ ಒಂದು ಕೋಶವು ಇಡೀ ಬ್ಯಾಟರಿಯನ್ನು ಹಿಂದಕ್ಕೆಳೆಯುತ್ತದೆ.

ಗಾಡಿಯು ಏಕಾಏಕಿ ನಿಶ್ಚೇಷ್ಟಿತವಾದರೆ ಬ್ಯಾಟರಿಯೇ ಸತ್ತಿತೆಂದು ಧೈರ್ಯಗೆಡಬೇಕಾದುದಿಲ್ಲ. ಕಾರುಗಳಲ್ಲಿ ದೊಡ್ಡ ಬ್ಯಾಟರಿಯಲ್ಲದೆ 12 ವೋಲ್ಟಿನ ಚಿಕ್ಕ ಬ್ಯಾಟರಿಯೂ ಇರುತ್ತದೆ. ಅದು ಬರಿದಾದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿಯು ಏಳುವುದಿಲ್ಲ. ಇದರ ಪರಿಹಾರವು ಅಲ್ಪ ಖರ್ಚಿನದು.

ಹಳ್ಳಿಗಳಲ್ಲಿ ಚಾರ್ಜರು ಸುಟ್ಟುಹೋಗುವುದಕ್ಕೆ ಒಂದು ವಿಶೇಷ ಕಾರಣವುಂಟು. ಕಂಬದಲ್ಲಾಗಲಿ ಮನೆಯ ಬಳಿಯಲ್ಲಾಗಲಿ ನ್ಯೂಟ್ರಲ್ ತಂತಿಯು ಕಡಿದರೆ 230 ವೋಲ್ಟು ಇರಬೇಕಾದ ಕಡೆ 400ರ ಸಮೀಪಕ್ಕೆ ಏರಬಹುದು. ಅರ್ತ್ ತಂತಿ ಸರಿಯಿಲ್ಲದಿದ್ದರೆ ಕೆಲವು ಚಾರ್ಜರುಗಳು ಕೆಲಸವನ್ನೇ ಮಾಡುವುದಿಲ್ಲ. ಇದು ಗಾಡಿಯ ದೋಷವಲ್ಲ, ಮನೆಯ ವೈರಿಂಗಿನ ದೋಷ.

ಕೆಟ್ಟ ದಿನ ಮಾಡತಕ್ಕದ್ದು

1. ಗಾಡಿಯನ್ನು ನಿಲ್ಲಿಸಿ, ಫಲಕದಲ್ಲಿ ತೋರುವ ಎಚ್ಚರಿಕೆಯ ಚಿಹ್ನೆ ಮತ್ತು ಸಂಖ್ಯೆಗಳ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆಯಬೇಕು. ದಿನಾಂಕ, ವೇಳೆ, ಓಡಿದ ಕಿಲೋಮೀಟರು, ಹೊತ್ತಿದ್ದ ಭಾರ ಇವುಗಳನ್ನು ಬರೆದಿಡಬೇಕು.

2. ಹಗ್ಗ ಕಟ್ಟಿ ಟ್ರಾಕ್ಟರಿನ ಹಿಂದೆ ಎಳೆಯಿಸತಕ್ಕದ್ದಲ್ಲ. ಮೋಟಾರಿಗೆ ಸೇರಿದ ಚಕ್ರಗಳು ನೆಲದ ಮೇಲೆ ತಿರುಗಿದರೆ ಮೋಟಾರು ತಾನೇ ವಿದ್ಯುತ್ತನ್ನು ಉತ್ಪತ್ತಿ ಮಾಡಿ ಕಂಟ್ರೋಲರನ್ನು ಸುಡಬಹುದು. ಗಾಡಿಯನ್ನು ಇನ್ನೊಂದು ವಾಹನದ ಮೇಲೆ ಹೇರಿ ಸಾಗಿಸುವುದೇ ಕ್ರಮ.

3. ಬ್ಯಾಟರಿಯ ಪೆಟ್ಟಿಗೆಯನ್ನು ಯಾರಿಂದಲೂ ಬಿಚ್ಚಿಸಕೂಡದು. ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಪಾಯವಾಗುವಷ್ಟು ವಿದ್ಯುತ್ತು ಹರಿಯುತ್ತದೆ. ಪೆಟ್ಟಿಗೆಯ ಮುದ್ರೆ ಒಡೆದ ಮೇಲೆ ತಯಾರಕರು ಖಾತರಿಯನ್ನು ನಿರಾಕರಿಸಲು ಅದೊಂದೇ ನೆಪ ಸಾಕು.

4. ಗಾಡಿಯು ಹಳ್ಳದ ನೀರಿನಲ್ಲಿ ಮುಳುಗಿದ್ದರೆ, ಒಣಗಿತೆಂದು ನಂಬಿ ಚಾಲೂ ಮಾಡುವುದಾಗಲಿ ಚಾರ್ಜಿಗೆ ಹಾಕುವುದಾಗಲಿ ಅಪಾಯಕರ. ಮನೆ, ಕೊಟ್ಟಿಗೆ, ಹುಲ್ಲಿನ ಬಣವೆಗಳಿಂದ 50 ಅಡಿ ದೂರದಲ್ಲಿ ನಿಲ್ಲಿಸಬೇಕು.

5. ಹೊಗೆ ಕಂಡರೆ ಜನರನ್ನು ದೂರ ಸರಿಸಿ 112ಕ್ಕೆ ಕರೆ ಮಾಡಬೇಕು. ಈ ಹೊಗೆಯು ವಿಷಯುಕ್ತವಾದುದು. ಬ್ಯಾಟರಿಯ ಬೆಂಕಿಯು ಆರಿದಂತೆ ತೋರಿದರೂ ಗಂಟೆಗಳ, ಕೆಲವು ವೇಳೆ ದಿನಗಳ ಮೇಲೆ ಪುನಃ ಹೊತ್ತಿಕೊಳ್ಳುವುದುಂಟು.

ಖರ್ಚು ಯಾರಿಗೆ ಸೇರಿದ್ದು

ಇನ್ಶೂರೆನ್ಸು ಇದೆಯಲ್ಲಾ ಎಂದು ಅನೇಕರು ನಿಶ್ಚಿಂತರಾಗಿರುವರು. ಇದು ಅರ್ಧ ಸತ್ಯ. ಅಪಘಾತ, ಪ್ರವಾಹ, ಬೆಂಕಿ, ಕಳವು ಇವುಗಳ ನಷ್ಟವು ಗಾಡಿಗೂ ಅನ್ವಯಿಸುವ ಸಮಗ್ರ ಪಾಲಿಸಿಯಿಂದ ದೊರೆಯುವುದು. ಪರರಿಗಾದ ನಷ್ಟಕ್ಕೆ ಮಾತ್ರ ಮಾಡಿಸಿದ ಪಾಲಿಸಿಯಿಂದ ದೊರೆಯದು. ಗಾಡಿಯ ಒಳಗಿನ ಯಂತ್ರದ ಅಥವಾ ವಿದ್ಯುತ್ತಿನ ದೋಷವನ್ನು ಸಾಧಾರಣ ಪಾಲಿಸಿಯು ಒಪ್ಪುವುದೇ ಇಲ್ಲ. ಅದಕ್ಕೆ ಹೊಣೆಯಾಗುವುದು ತಯಾರಕರ ಖಾತರಿ ಪತ್ರ. ಕಾರಿನ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರು, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಖಾತರಿ ಕೊಡುವುದು ಸಾಮಾನ್ಯ. ಸ್ಕೂಟರು, ಸಾಮಾನು ಗಾಡಿಗಳ ಅವಧಿಯು ಬೇರೆ. ಬ್ಯಾಟರಿಯ ಶಕ್ತಿಯು ಎಷ್ಟಕ್ಕೆ ಇಳಿದರೆ ಬದಲಾಯಿಸಿಕೊಡುವರೆಂಬುದನ್ನು ಕೊಳ್ಳುವಾಗಲೇ ಓದಿಸಿ ತಿಳಿಯತಕ್ಕದ್ದು. ನೀರು ಹೊಕ್ಕದ್ದಕ್ಕೆ ಇನ್ಶೂರೆನ್ಸು, ತಾನಾಗಿ ಕೆಟ್ಟದ್ದಕ್ಕೆ ಖಾತರಿ ಎಂಬುದನ್ನು ನೆನಪಿಡಬೇಕು. ಇನ್ಶೂರೆನ್ಸಿನ ಸರ್ವೇಯರು ನೋಡುವ ಮುಂಚೆ ರಿಪೇರಿ ಆರಂಭಿಸಿದರೆ ಹಣವು ಕೈತಪ್ಪಬಹುದು.

ದೋಷವು ತಯಾರಿಕೆಯಲ್ಲಿಯೇ ಇರುವುದೂ ಉಂಟು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು ಕೋಶಗಳ ತಯಾರಿಕೆಯ ದೋಷದಿಂದ ಬೆಂಕಿಯ ಭಯವುಂಟಾದ ಕಾರಣ 2021ರಲ್ಲಿ 1,40,000ಕ್ಕೂ ಮೇಲ್ಪಟ್ಟ ಬೋಲ್ಟ್ ಕಾರುಗಳನ್ನು ಹಿಂದಕ್ಕೆ ಕರೆದು, ದೋಷವುಳ್ಳ ಭಾಗಗಳನ್ನು ಗಾಡಿಯ ಯಜಮಾನರಿಂದ ಹಣ ಪಡೆಯದೆಯೇ ಬದಲಾಯಿಸಬೇಕಾಯಿತು. ನಮ್ಮ ದೇಶದಲ್ಲಿಯೂ 2022ರ ಏಪ್ರಿಲಿನಲ್ಲಿ, ಸ್ಕೂಟರುಗಳಿಗೆ ಬೆಂಕಿ ತಗಲಿದ ಪ್ರಸಂಗಗಳ ಮೇಲೆ, ಕೆಲವು ತಯಾರಕರು ಸಾವಿರಾರು ಸ್ಕೂಟರುಗಳನ್ನು ತಪಾಸಣೆಗೆ ಕರೆಸಿದರು. ಆ ಬಳಿಕ ಬ್ಯಾಟರಿಯ ಭದ್ರತೆಯ ಕಠಿಣ ನಿಯಮಗಳು 2022ರ ಡಿಸೆಂಬರ್ 1ರಿಂದಲೂ 2023ರ ಮಾರ್ಚ್ 31ರಿಂದಲೂ ಎರಡು ಹಂತಗಳಲ್ಲಿ ಜಾರಿಗೆ ಬಂದುವು. ಹಳೆಯ ಗಾಡಿ ಕೊಳ್ಳುವವರು ಅದು ಈ ನಿಯಮಗಳಿಗೆ ಹಿಂದಿನದೋ ಮುಂದಿನದೋ ಎಂದು ವಿಚಾರಿಸುವುದು ಯುಕ್ತ.

ನ್ಯಾಯ ದೊರೆಯುವ ಮಾರ್ಗ

ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಗಾಡಿಯನ್ನು ರಿಪೇರಿಗೆ ಒಪ್ಪಿಸಿದ ಕೂಡಲೆ ದಿನಾಂಕ, ದೂರು ಎರಡೂ ನಮೂದಾದ ಚೀಟಿಯನ್ನು ಪಡೆಯಬೇಕು. ಹಿಂದಕ್ಕೆ ಪಡೆಯುವಾಗ ಬದಲಾಯಿಸಿದ ಭಾಗಗಳ ಪಟ್ಟಿಯನ್ನು ಕೇಳಬೇಕು. ಅದೇ ದೋಷವು ಮರಳಿ ಬಂದರೆ ಈ ಚೀಟಿಗಳೇ ಸಾಕ್ಷಿ. ತಯಾರಕರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಾದ 1915ಕ್ಕೆ ತಿಳಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಕಾರಣವುಂಟಾದ 2 ವರ್ಷಗಳೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆಯು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವ್ಯಾಪಾರಕ್ಕಾಗಿ ಕೊಂಡ ವಸ್ತುವಿಗೆ ಈ ಕಾಯಿದೆ ಅನ್ವಯಿಸದಾದರೂ, ಸ್ವಂತ ದುಡಿಮೆಯಿಂದ ಜೀವನ ಮಾಡುವುದಕ್ಕಾಗಿಯೇ ಕೊಂಡವನಿಗೆ ರಕ್ಷಣೆಯುಂಟು.

ಮುಂಜಾಗ್ರತೆ

ಚಾರ್ಜು ಮಾಡುವ ಜಾಗಕ್ಕೆ ಪ್ರತ್ಯೇಕ ತಂತಿ, ಸರಿಯಾದ ಅರ್ತ್, ವೋಲ್ಟೇಜು ಮಿತಿಮೀರಿದರೆ ತಾನೇ ಕಡಿದುಹಾಕುವ ಉಪಕರಣ ಇವುಗಳನ್ನು ಲೈಸೆನ್ಸು ಪಡೆದ ಕೆಲಸಗಾರನಿಂದ ಹಾಕಿಸಬೇಕು. ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಅದು ಮತ್ತೆ ಚಾರ್ಜನ್ನು ಸ್ವೀಕರಿಸದಿರಬಹುದು; ಬಿತ್ತನೆಯ ಕಾಲದಲ್ಲಿ ಗಾಡಿಗೆ ಕೆಲಸವಿಲ್ಲದಿದ್ದರೆ ಅರ್ಧದಷ್ಟು ತುಂಬಿಸಿ ನೆರಳಿನಲ್ಲಿ ಇಡಬೇಕು. ತಡಿಕೆ ಕೂಡಿಸಲು ಗಾಡಿಗೆ ವೆಲ್ಡಿಂಗು ಮಾಡಿಸುವುದಿದ್ದರೆ ತಯಾರಕರನ್ನು ಕೇಳದೆ ಕೈಹಾಕಬಾರದು. ಕೆಟ್ಟ ಬ್ಯಾಟರಿಯನ್ನು ಗುಜರಿಯವನಿಗೆ ಮಾರದೆ, 2022ರ ನಿಯಮಗಳ ಪ್ರಕಾರ ಅಧಿಕೃತ ಸಂಗ್ರಹಣೆಗೆ ಒಪ್ಪಿಸಬೇಕು.

ಮೇಲೆ ಹೇಳಿದ ಕೋಲಾರದ ಯಜಮಾನರು ಗಾಡಿ ಕೊಳ್ಳುವ ಮುಂಚೆ ಒಂದು ಪ್ರಶ್ನೆಯನ್ನು ಕೇಳಿದ್ದರೆ ಸಾಕಿತ್ತು: “ದೊಡ್ಡ ರಿಪೇರಿ ಬಂದರೆ ಅತಿ ಹತ್ತಿರದ ಕಾರ್ಖಾನೆ ಎಲ್ಲಿ, ಅಲ್ಲಿಗೆ ಸಾಗಿಸುವ ಖರ್ಚು ಯಾರದು?” ಉತ್ತರವು ಬರವಣಿಗೆಯಲ್ಲಿ ದೊರೆಯದಿದ್ದರೆ ಬೆಲೆ ಎಷ್ಟೇ ಕಡಮೆಯಾದರೂ ಆ ಗಾಡಿಯು ಅಗ್ಗವಲ್ಲ. ಗ್ರಾಮದ ಮುಖಂಡರು ಗಾಡಿ ಕೊಳ್ಳಲು ಹೊರಟವರಿಗೆ ಈ ಮಾತನ್ನು ತಿಳಿಯಹೇಳಿ, ಒಂದೇ ತಯಾರಕರ ಗಾಡಿಗಳನ್ನು ನಾಲ್ಕಾರು ಮಂದಿ ಕೂಡಿ ಕೊಳ್ಳುವಂತೆ ಮಾಡಿದರೆ, ಕಾರ್ಖಾನೆಯವರನ್ನು ಊರಿಗೇ ಕರೆಸಿಕೊಳ್ಳುವುದು ಸುಲಭವಾಗುವುದು.