ಸಾಫ್ಟ್‌ವೇರ್ ಪಕ್ವತೆಯ ಐದು ಮೆಟ್ಟಿಲುಗಳು

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಮಂಗಳೂರು ಹಂಚು ದೂರದ ಊರುಗಳಲ್ಲೂ ಹೆಸರಾಗಲು ಜೇಡಿಮಣ್ಣಿನ ಗುಣವೊಂದೇ ಕಾರಣವಲ್ಲ. ಒಂದು ಹಂಚು ಇನ್ನೊಂದಕ್ಕೆ ಸರಿಯಾಗಿ ಕೂರುವಂತೆ ಮಾಡುವ ಅಚ್ಚು ಮತ್ತು ಸುಡುವ ಕ್ರಮ ಅದರ ಹಿಂದಿತ್ತು. ಕೆಲಸಗಾರ ಬದಲಾದರೂ ಹಂಚು ಬದಲಾಗುವಂತಿರಲಿಲ್ಲ. ಸಾಫ್ಟ್‌ವೇರ್ ಉದ್ಯಮ ಈ ಬಗೆಯ ಶಿಸ್ತನ್ನು ಹುಡುಕಿಕೊಂಡು ಹೊರಟದ್ದು ಅದಾಗಿ ಶತಮಾನಕ್ಕೂ ಹೆಚ್ಚು ಕಾಲದ ನಂತರ.

ಹುಟ್ಟಿದ ಬಗೆ

1980ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಸಾಫ್ಟ್‌ವೇರ್ ದೊಡ್ಡ ತಲೆನೋವಾಗಿತ್ತು. ಯೋಜನೆಗಳು ಅವಧಿ ಮೀರುತ್ತಿದ್ದವು, ವೆಚ್ಚ ಬೆಳೆಯುತ್ತಿತ್ತು. ಯಾವ ಗುತ್ತಿಗೆದಾರನನ್ನು ನಂಬಬೇಕೆಂದು ಅಳೆಯುವ ಮಾನದಂಡವೇ ಇರಲಿಲ್ಲ. ಇಲಾಖೆಯ ನೆರವಿನಿಂದ 1984ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ಸ್ಥಾಪನೆಯಾಯಿತು. ಐಬಿಎಂನಲ್ಲಿ ದೀರ್ಘಕಾಲ ದುಡಿದಿದ್ದ ವಾಟ್ಸ್ ಹಂಫ್ರಿ ಅಲ್ಲಿ ರೂಪಿಸಿದ ಚಿಂತನೆಯೇ 1991ರಲ್ಲಿ ‘ಸಾಮರ್ಥ್ಯ ಪಕ್ವತೆಯ ಮಾದರಿ’, ಅಂದರೆ ಸಿಎಂಎಂ ಆಗಿ ಹೊರಬಂತು.

ಇದರಲ್ಲಿ ಐದು ಹಂತಗಳು. ಮೊದಲ ಹಂತದಲ್ಲಿ ಎಲ್ಲವೂ ವ್ಯಕ್ತಿಯ ಜಾಣ್ಮೆಯನ್ನೇ ಅವಲಂಬಿಸಿರುತ್ತದೆ. ಎರಡನೆಯದರಲ್ಲಿ ಯೋಜನೆ, ಗ್ರಾಹಕರ ಬೇಡಿಕೆ ಮತ್ತು ಬದಲಾವಣೆಗಳ ಲೆಕ್ಕ ಇಡಲಾಗುತ್ತದೆ. ಮೂರನೆಯದರಲ್ಲಿ ಇಡೀ ಸಂಸ್ಥೆಗೆ ಒಂದು ಲಿಖಿತ ಕಾರ್ಯವಿಧಾನ ಇರುತ್ತದೆ. ನಾಲ್ಕನೆಯದರಲ್ಲಿ ಕೆಲಸವನ್ನು ಅಂಕಿಗಳಲ್ಲಿ ಅಳೆಯಲಾಗುತ್ತದೆ. ಐದನೆಯದರಲ್ಲಿ ಆ ಅಳತೆಯ ಆಧಾರದಿಂದ ನಿರಂತರ ಸುಧಾರಣೆ ನಡೆಯುತ್ತದೆ.

ಕರ್ನಾಟಕದ ಜಿಗಿತ

ಈ ಏಣಿಯನ್ನು ಬೇಗ ಏರಿದವರಲ್ಲಿ ಕನ್ನಡ ನಾಡಿನ ಕಚೇರಿಗಳು ಮುಂಚೂಣಿಯಲ್ಲಿದ್ದವು. ಬೆಂಗಳೂರಿನ ಮೊಟೊರೊಲಾ ಘಟಕ 1990ರ ದಶಕದ ಪೂರ್ವಾರ್ಧದಲ್ಲೇ ಐದನೇ ಹಂತ ತಲುಪಿತು. 1998ರಲ್ಲಿ ವಿಪ್ರೊ, 1999ರಲ್ಲಿ ಇನ್ಫೊಸಿಸ್ ಅದೇ ಹಂತಕ್ಕೇರಿದವು. ಸಾವಿರಾರು ಮೈಲಿ ದೂರದ ಗ್ರಾಹಕನಿಗೆ ಇಲ್ಲಿನ ಕಚೇರಿ ಕಾಣುತ್ತಿರಲಿಲ್ಲ, ಕಾಣುತ್ತಿದ್ದುದು ಹಂತದ ಸಂಖ್ಯೆ ಮಾತ್ರ. ಹೀಗಾಗಿ ಅದು ವಿಶ್ವಾಸದ ಮುದ್ರೆಯಾಯಿತು. ಕೊಟ್ಟಾರ ಮತ್ತು ಮುಡಿಪು ಕ್ಯಾಂಪಸ್‌ಗಳ ಮೂಲಕ ಇನ್ಫೊಸಿಸ್ ಕರಾವಳಿಯ ಯುವ ಎಂಜಿನಿಯರುಗಳಿಗೂ ಈ ಶಿಸ್ತಿನ ಪರಿಚಯ ಮಾಡಿಸಿತು.

ಮುದ್ರೆಯ ಮಿತಿ

ಆದರೆ ಮಾದರಿಯು ಅಳೆಯುವುದು ಕೆಲಸದ ಕ್ರಮವನ್ನೇ ಹೊರತು ಸಿದ್ಧವಾದ ತಂತ್ರಾಂಶವನ್ನಲ್ಲ. ಮೌಲ್ಯಮಾಪನವೂ ಸಂಸ್ಥೆಯ ನಿರ್ದಿಷ್ಟ ಘಟಕಕ್ಕೆ ಸೀಮಿತವಾಗಿರಬಹುದು. ಕಡತಗಳು ಹೆಚ್ಚಿ ಕೆಲಸ ನಿಧಾನವಾಗುತ್ತದೆ ಎಂಬ ಟೀಕೆಯೂ ಬಂತು. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ 17 ಮಂದಿ ತಂತ್ರಜ್ಞರು ‘ಅಜೈಲ್’ ಘೋಷಣೆ ಹೊರಡಿಸಿ, ದಾಖಲೆಗಿಂತ ನಡೆಯುವ ತಂತ್ರಾಂಶಕ್ಕೆ ಹೆಚ್ಚು ಬೆಲೆ ಎಂದು ಸಾರಿದರು.

ಮಾದರಿಯೂ ಬದಲಾಯಿತು. ಬೇರೆ ಬೇರೆ ಮಾದರಿಗಳನ್ನು ಬೆಸೆದ ಸಿಎಂಎಂಐ 2000ದಲ್ಲಿ ಬಂತು. 2016ರಲ್ಲಿ ಅದರ ಹೊಣೆ ಐಸಾಕಾ ಸಂಸ್ಥೆಯ ಪಾಲಾಯಿತು. 2018ರ ಆವೃತ್ತಿ ಅಜೈಲ್ ಪದ್ಧತಿಗೂ ಮಾರ್ಗದರ್ಶನ ನೀಡಿ, ಕೆಲಸದ ಫಲಿತಾಂಶಕ್ಕೆ ಒತ್ತು ಕೊಟ್ಟಿತು. 2023ರ ಆವೃತ್ತಿಯಲ್ಲಿ ದತ್ತಾಂಶ, ಸಿಬ್ಬಂದಿ ಮತ್ತು ದೂರದಿಂದಲೇ ನಡೆಯುವ ಕೆಲಸಗಳೂ ಸೇರಿದವು.

ಸಣ್ಣ ಸಂಸ್ಥೆಗೇನು?

ಹತ್ತು ಮಂದಿಯ ಸಂಸ್ಥೆಗೆ ಐದನೇ ಹಂತದ ಮೌಲ್ಯಮಾಪನ ದುಬಾರಿ, ಬಹುಶಃ ಅನಗತ್ಯ. ಆದರೆ ಮಂಗಳೂರಿನಂಥ ನಗರದಲ್ಲಿ ನುರಿತ ಎಂಜಿನಿಯರ್ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಕ್ಕೋ ಹೊರಟುನಿಂತರೆ ಅವನ ತಲೆಯಲ್ಲಿದ್ದ ಜ್ಞಾನವೂ ಅವನೊಂದಿಗೇ ಹೊರಡುತ್ತದೆ. ಉಳಿದವರು ಅವನಿಗೆ ಫೋನ್ ಮಾಡುತ್ತಾ ದಿನ ದೂಡಬೇಕಾಗುತ್ತದೆ. ಗ್ರಾಹಕ ಕೇಳಿದ್ದನ್ನು ಬರೆದಿಡುವುದು, ಪ್ರತಿ ಬದಲಾವಣೆಯನ್ನು ದಾಖಲಿಸುವುದು, ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುವುದು, ಆದ ತಪ್ಪಿನ ಮೂಲ ಹುಡುಕುವುದು: ಇವಕ್ಕೆ ಯಾರ ಪ್ರಮಾಣಪತ್ರವೂ ಬೇಕಿಲ್ಲ. ಗೋಡೆಯ ಮೇಲೆ ಯಾವ ಮುದ್ರೆಯೂ ಇಲ್ಲದ ಕಚೇರಿಗೂ ಈ ಅಭ್ಯಾಸಗಳು ದಕ್ಕುವಂಥವು.