ಮೂತಿ ಎತ್ತುವ ಟ್ರ್ಯಾಕ್ಟರ್

ಓಡುವ ಗಾಡಿ ಮುಂದಿನ ಗಾಲಿಗಳನ್ನು ಮೇಲೆತ್ತಿ ಬರೀ ಹಿಂದಿನ ಗಾಲಿಯ ಮೇಲೆ ಸಾಗುವುದೇ ವ್ಹೀಲಿ. ಕ್ವಾಡ್ ಬೈಕ್ ಓಡಿಸುವವರು ಇದನ್ನು ಆಟವೆಂದು ಕಲಿಯುತ್ತಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಮೂತಿ ಎತ್ತುವ ನಾಲ್ಕು ಗಾಲಿಯ ಗಾಡಿಯೆಂದರೆ ಟ್ರ್ಯಾಕ್ಟರ್. ಅದೂ ಹೆಚ್ಚಾಗಿ ಡ್ರೈವರ್‌ಗೆ ಬೇಡವಾದಾಗಲೇ.

ಇದಕ್ಕೆ ನೆಲವೂ ಕಾರಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಣ್ಣುವ ಸಿಂಧನೂರಿನ ಎರೆಭೂಮಿಯಲ್ಲಿ ನೆಲ್ಲು ನಾಟಿಗೆ ಮುಂಚೆ ಗದ್ದೆಯನ್ನು ಕೆಸರು ಮಾಡಬೇಕು. ಕಬ್ಬಿಣದ ಪಟ್ಟಿಗಳ ಕೇಜ್ ವೀಲ್ ತೊಟ್ಟ ಟ್ರ್ಯಾಕ್ಟರ್ ಅಲ್ಲಿ ಮೊಣಕಾಲುದ್ದದ ರಾಡಿಯಲ್ಲಿ ತಿರುಗುತ್ತದೆ. ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟದ ಲಿಂಗಸುಗೂರಿನ ಒಣ ಹೊಲಗಳಲ್ಲಿ ರೆಂಟೆ ಆಳಕ್ಕಿಳಿದು ಕಲ್ಲಿಗೋ ಗಟ್ಟಿ ನೆಲಕ್ಕೋ ಸಿಕ್ಕಿಬೀಳುತ್ತದೆ. ಸುಗ್ಗಿಯಲ್ಲಿ ನೆಲ್ಲಿನ ಚೀಲ ಹೇರಿದ ಟ್ರೇಲರ್ ಕಾಲುವೆ ಏರಿ ಹತ್ತಬೇಕು. ಮೂರೂ ಕಡೆ ಆಗುವುದು ಒಂದೇ: ಹಿಂದೆ ಜಗ್ಗುವ ಭಾರ, ಮುಂದೆ ಹಗುರಾಗುವ ಮೂತಿ.

ಟ್ರ್ಯಾಕ್ಟರಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಿಂದಿನ ಗಾಲಿಗಳ ಮೇಲಿರುತ್ತದೆ. ಎಂಜಿನ್ನಿನ ಬಲ ಹೋಗುವುದೂ ಅಲ್ಲಿಗೇ. ಗಾಲಿ ಸಲೀಸಾಗಿ ಉರುಳಿದರೆ ಗಾಡಿ ಮುಂದೆ ಹೋಗುತ್ತದೆ. ಗಾಲಿ ನೆಲಕ್ಕೆ ಕಚ್ಚಿಕೊಂಡು ನಿಂತರೆ ಅದೇ ಬಲ ಇಡೀ ಗಾಡಿಯನ್ನೇ ಹಿಂದಿನ ಆಕ್ಸಲ್ ಸುತ್ತ ತಿರುವತೊಡಗುತ್ತದೆ. ಟ್ರೇಲರನ್ನೋ ಹಗ್ಗವನ್ನೋ ಆಕ್ಸಲ್‌ಗಿಂತ ಎತ್ತರದಲ್ಲಿ ಸಿಕ್ಕಿಸಿದ್ದರೆ ಆ ಎಳೆತವೂ ಜೊತೆಗೂಡಿ ಮೂತಿ ಬೇಗ ಏಳುತ್ತದೆ. ಹೀಗೆ ಎದ್ದ ಟ್ರ್ಯಾಕ್ಟರ್ ಪೂರ್ತಿ ಬೋರಲಾಗಲು ಒಂದೂವರೆ ಸೆಕೆಂಡು ಸಾಕು. ಮುಕ್ಕಾಲು ಸೆಕೆಂಡು ಕಳೆದ ಮೇಲೆ ಕ್ಲಚ್ ಒತ್ತಿದರೂ ತಡೆಯಲಾಗದು.

ಕ್ವಾಡ್ ಬೈಕಿನಲ್ಲಿ ಲೆಕ್ಕ ಬೇರೆ. ಗಾಡಿ ಇನ್ನೂರು ಮುನ್ನೂರು ಕಿಲೋ, ಸವಾರ ಎಪ್ಪತ್ತು ಕಿಲೋ. ಆತ ಹಿಂದಕ್ಕೆ ವಾಲಿದರೆ ತೂಕವೇ ಕದಲುತ್ತದೆ. ಹೊಸಬ ಮೊದಲು ಕಲಿಯಬೇಕಾದದ್ದು ಎತ್ತುವುದನ್ನಲ್ಲ, ಇಳಿಸುವುದನ್ನು: ಕಾಲು ಹಿಂದಿನ ಬ್ರೇಕಿನ ಮೇಲೇ ಇರಬೇಕು, ಮೂತಿ ಮಿತಿಮೀರಿದರೆ ಬ್ರೇಕ್ ಒತ್ತಿದ ಕೂಡಲೇ ಕೆಳಗೆ ಬರುತ್ತದೆ. ಎರಡು ಸಾವಿರ ಕಿಲೋದ ಟ್ರ್ಯಾಕ್ಟರಿನ ಮೇಲೆ ಡ್ರೈವರ್ ಹೇಗೆ ವಾಲಿದರೂ ಅದಕ್ಕೆ ಲೆಕ್ಕವಿಲ್ಲ. ಅವನಿಗಿರುವುದು ಕ್ಲಚ್, ಆಕ್ಸಿಲರೇಟರ್ ಮತ್ತು ಎಡಬಲಕ್ಕೆ ಬೇರೆಬೇರೆಯಾದ ಎರಡು ಬ್ರೇಕ್ ಪೆಡಲ್. ಮುಂದಿನ ಗಾಲಿ ಗಾಳಿಯಲ್ಲಿದ್ದಾಗ ಸ್ಟೇರಿಂಗ್ ತಿರುವಿ ಉಪಯೋಗವಿಲ್ಲ. ಗದ್ದೆಯಲ್ಲಿ ಪಳಗಿದವರು ಆಗ ಬಲ ಪೆಡಲ್ ಒತ್ತಿ ಬಲಕ್ಕೂ ಎಡದ್ದು ಒತ್ತಿ ಎಡಕ್ಕೂ ಹೊರಳಿಸುತ್ತಾರೆ; ಮೇಲೆ ಕೆಸರು ಮೆತ್ತಿದ ಸಣ್ಣ ಗಾಲಿಗಳು ಸುಮ್ಮನೆ ತಿರುಗುತ್ತಿರುತ್ತವೆ. ರಸ್ತೆಗೆ ಬಂದ ಮೇಲೆ ಎರಡೂ ಪೆಡಲನ್ನು ಕೂಡಿಸಿ ಕೊಂಡಿ ಹಾಕಲೇಬೇಕು, ಇಲ್ಲವಾದರೆ ವೇಗದಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಒಂದೇ ಬದಿಗೆ ಎಳೆದುಕೊಂಡು ಹೋಗುತ್ತದೆ.

ಏರಿಯ ಮೇಲಿನ ಪಾಠ ಇನ್ನೂ ಕಠಿಣ. ಅರ್ಧ ಹತ್ತಿ ಮೂತಿ ಎದ್ದಾಗ ಕ್ಲಚ್ ಒತ್ತಿದರೆ ಅದು ಇಳಿಯುತ್ತದೆ, ಆದರೆ ಟ್ರೇಲರ್ ಹಿಂದಕ್ಕೆಳೆಯುತ್ತದೆ. ಹಿಂದಕ್ಕುರುಳುವ ಗಾಡಿಗೆ ಗಟ್ಟಿ ಬ್ರೇಕ್ ಹಾಕಿದರೆ ಮೂತಿ ಮತ್ತೆ ಏಳುತ್ತದೆ. ಆದ್ದರಿಂದ ಬುಡದಲ್ಲೇ ಸಣ್ಣ ಗೇರಿಗೆ ಹಾಕಿ, ನಡುವೆ ನಿಲ್ಲಿಸದೆ, ಒಂದೇ ಹದದಲ್ಲಿ ಹತ್ತಿಸುವುದು ರೂಢಿ.

ಎಲ್ಲಕ್ಕಿಂತ ಕೆಟ್ಟದ್ದು ರಾಡಿಯಲ್ಲಿ ಹೂತ ಗಾಲಿಗೆ ಮರದ ತುಂಡು ಕಟ್ಟಿ ಮುಂದಕ್ಕೆ ಹೊಡೆಯುವುದು. ತುಂಡು ಗಾಲಿಯನ್ನು ತಡೆಹಿಡಿಯುತ್ತದೆ, ಎಂಜಿನ್ ಗಾಡಿಯನ್ನೇ ಮಗುಚುತ್ತದೆ. ರಿವರ್ಸ್ ಹಾಕಿ ಹಿಂದಕ್ಕೆ ತೆಗೆಯುವುದು ಅಥವಾ ಇನ್ನೊಂದು ಟ್ರ್ಯಾಕ್ಟರಿಂದ ಎಳೆಸುವುದು ವಾಸಿ.

ಬೇಕೆಂದೇ ಎತ್ತುವವರೂ ಇದ್ದಾರೆ. ಪಂಜಾಬಿನ ಗುರುದಾಸಪುರ ಜಿಲ್ಲೆಯ ಗ್ರಾಮೀಣ ಮೇಳವೊಂದರಲ್ಲಿ ಟ್ರ್ಯಾಕ್ಟರ್ ಸ್ಟಂಟ್ ಮಾಡುತ್ತಿದ್ದ ಯುವಕ ಅದರಡಿಯೇ ಸಿಲುಕಿ ಸತ್ತ ಮೇಲೆ, 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಇಂಥ ಪ್ರದರ್ಶನಗಳನ್ನೇ ನಿಷೇಧಿಸಿತು. ನಮ್ಮಲ್ಲಿ ಸದ್ಯ ಗದ್ದಲವಿರುವುದು ಬೈಕ್ ವ್ಹೀಲಿಯದು: 2025ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ನೆರೆಯ ಗಂಗಾವತಿಯ ಪ್ರಕರಣವೊಂದರಲ್ಲಿ ಆರೋಪಿಗೆ ಜಾಮೀನು ನಿರಾಕರಿಸಿತು. ರಸ್ತೆಯಲ್ಲಾದರೆ ಯಾವ ಗಾಡಿಗೂ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಅನ್ವಯಿಸುತ್ತದೆ. ಮೊದಲ ಸಲದ ತಪ್ಪಿಗೆ ದಂಡ 1,000ದಿಂದ 5,000 ರೂಪಾಯಿ, ಜೈಲೂ ಆಗಬಹುದು.

ಕೆಲಸದ ಟ್ರ್ಯಾಕ್ಟರಿಗೆ ಮೊದಲ ಕಾವಲು ಮೂತಿಗೆ ತೂಗುಹಾಕುವ ಬೀಡುಕಬ್ಬಿಣದ ವೇಟ್‌ಗಳು. ಎರಡನೆಯದು ಸೀಟಿನ ಹಿಂದೆ ನಿಲ್ಲಿಸುವ ಗಟ್ಟಿ ಉಕ್ಕಿನ ಕಮಾನು, ಜೊತೆಗೆ ಸೀಟ್ ಬೆಲ್ಟ್. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರಿಗೆ ಇಂಥ ಚೌಕಟ್ಟನ್ನು ಕಡ್ಡಾಯ ಮಾಡಿತು, ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಮುಂದೆ ತೀರಾ ಇಳಿಯಿತು. ಬಿಸಿಲಿಗೆಂದು ನಮ್ಮ ಟ್ರ್ಯಾಕ್ಟರುಗಳ ತಲೆಯ ಮೇಲೆ ಕೂರಿಸುವ ತಗಡಿನ ಚಪ್ಪರವೂ ದೂರದಿಂದ ಹಾಗೆಯೇ ಕಾಣುತ್ತದೆ. ಆದರೆ ಅದು ನೆರಳಿಗೆ ಮಾತ್ರ. ಗಾಡಿಯ ಭಾರ ಬಿದ್ದರೆ ಅಪ್ಪಚ್ಚಿಯಾಗುತ್ತದೆ.