ಐದು ಸೆಕೆಂಡಿನ ಸೂಜಿ

ಹೆಸರಘಟ್ಟ ರಸ್ತೆಯ ಬಸ್ಸು ಸೋಲದೇವನಹಳ್ಳಿ ಕಡೆ ತಿರುಗಿದರೆ ಅರ್ಧಕ್ಕರ್ಧ ಹೊರೆ ವಿದ್ಯಾರ್ಥಿಗಳದೇ. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯ ನೀರನ್ನು ಬೆಂಗಳೂರಿಗೆ ಒತ್ತಿ ಕಳಿಸಿದ ಪಂಪ್‌ಹೌಸ್ ಈ ಊರಿನದು. ಪಂಪು, ಕೊಳವೆ, ಒತ್ತಡ: ಹೃದಯದ ಪಾಠಕ್ಕೆ ತಕ್ಕ ಊರೇ ಅಂದುಕೊಂಡೆ.

ಇಲ್ಲಿನ ಕಾಲೇಜೊಂದರ ನರ್ಸಿಂಗ್ ಲ್ಯಾಬಿನ ಮಂಚದ ಮೇಲೆ ರಬ್ಬರ್ ಗೊಂಬೆ. ಇವತ್ತು ಅದಕ್ಕೆ ಹೃದಯಾಘಾತ. ಮೇಷ್ಟರಮ್ಮ ತಲೆದಿಂಬಿನ ಹಿಂದೆ ನಿಂತು ಅದಕ್ಕೆ ದನಿ ಕೊಡುತ್ತಾರೆ: "ಗ್ಯಾಸು ಕಣಮ್ಮ, ಸೋಡಾ ಕುಡಿದ್ರೂ ಇಳೀತಿಲ್ಲ."

ನಗು ನಿಲ್ಲುವಷ್ಟರಲ್ಲಿ ಇಸಿಜಿ ತಂತಿ ಎದೆಗೇರಿದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದ ಮೇಲೆ ಅವರ ಹೆಸರಿನಲ್ಲಿ ಬಂದ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ತಜ್ಞರ ಕಣ್ಣಿಗೆ ಹೋಗುತ್ತದೆ; ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಉಚಿತ. ಚುಚ್ಚಲು ಐದರಿಂದ ಹತ್ತು ಸೆಕೆಂಡು ಸಾಕು. ತೂಕ 60 ಕಿಲೋ ಒಳಗಿದ್ದರೆ 30 ಮಿಲಿಗ್ರಾಂ, 90 ಮುಟ್ಟಿದರೆ 50. ಪುಡಿ ಬೆರೆಸುವಾಗ ಕುಲುಕಬಾರದು, ನೊರೆ ಬರುತ್ತದೆ, ಮೆಲ್ಲಗೆ ತಿರುಗಿಸಬೇಕು. ಗ್ಲೂಕೋಸ್ ಹರಿದ ನಳಿಕೆಯಾದರೆ ಮೊದಲು ಸಲೈನ್‌ನಿಂದ ತೊಳೆಯಬೇಕು.

ಅದೆಲ್ಲ ಕೈಗೆ ಬೇಗ ಬರುತ್ತದೆ. ಕಷ್ಟವಿರುವುದು ಅದಕ್ಕೂ ಮುಂಚಿನ ಪ್ರಶ್ನೆಗಳಲ್ಲಿ. ಕೇರಳದಿಂದ ಬಂದ ಹುಡುಗಿ ಬಾಯಿಪಾಠ ಒಪ್ಪಿಸಿದಳು: "ನಿಮಗೆ ಹಿಂದೆ ಪಾರ್ಶ್ವವಾಯು ಆಗಿತ್ತಾ?"

ಗೊಂಬೆ ಸುಮ್ಮನಿತ್ತು. ಮೇಷ್ಟರಮ್ಮ ತಿದ್ದಿದರು: "ಅದು ಪುಸ್ತಕದ ಮಾತಮ್ಮ. ಲಕ್ವ ಹೊಡೆದಿತ್ತಾ ಅಂತ ಕೇಳು."

ಕೇಳಿದಳು. "ಹ್ಞೂಂ, ಹೋದ ತಿಂಗಳು ಎಡಗೈ ಬಿದ್ದೋಗಿತ್ತು. ಎರಡು ವಾರಕ್ಕೆ ಸರಿಹೋಯ್ತು."

ಸಿರಿಂಜು ಟ್ರೇಗೆ ಮರಳಿತು. ಹೃದಯದ ಹೆಪ್ಪು ಕರಗಿಸುವ ಮದ್ದು ಇಂಥವರ ಮಿದುಳಿನಲ್ಲಿ ರಕ್ತ ಸುರಿಸಬಹುದು. ಇವರಿಗೆ ಆಂಬುಲೆನ್ಸು, ಆಂಜಿಯೋಪ್ಲಾಸ್ಟಿ ಇರುವ ಆಸ್ಪತ್ರೆ. ಚುಚ್ಚದೆ ಇಟ್ಟ ಸೂಜಿಗೂ ಅಂಕ ಕೊಟ್ಟರು, ನನಗೆ ಹಿಡಿಸಿತು.

ಗೊಂಬೆಗೆ ಎರಡನೆಯ ಜನ್ಮ. ಈ ಸಲ ಲಕ್ವ ಇಲ್ಲ, ತಲೆಗೆ ಪೆಟ್ಟಿಲ್ಲ, ಆಪರೇಷನ್ ಆಗಿಲ್ಲ, ಎರಡೂ ತೋಳಿನ ಬಿಪಿ ಸಮ. ಮದ್ದು ಒಳಹೋಯಿತು. ಮಾನಿಟರಿನಲ್ಲಿ ಬಡಿತ ಒಮ್ಮೆ ಅಡ್ಡಾದಿಡ್ಡಿ ಓಡಿತು. ರಕ್ತ ಮತ್ತೆ ಹರಿದಾಗ ಹೀಗಾಗುವುದುಂಟು ಎಂದು ಯಾರೋ ಪಿಸುಗುಟ್ಟಿದರು. ಎಲ್ಲರ ಹೆಗಲೂ ಇಳಿಯಿತು.

"ಅಮ್ಮಾ, ತಲೆ ಸಿಡೀತಿದೆ," ಅಂದಿತು ಗೊಂಬೆ.

ಒಬ್ಬಳು ನೋವಿನ ಮಾತ್ರೆ ಹುಡುಕಿದಳು. ಕೇರಳದ ಹುಡುಗಿ ಜೇಬಿನಿಂದ ಟಾರ್ಚ್ ತೆಗೆದು ಕಣ್ಣಿಗೆ ಬೆಳಕು ಬಿಟ್ಟಳು. ಗಾಜಿನ ಪಾಪೆ ಕುಗ್ಗಲಿಲ್ಲ. ಆಕೆಯ ಇನ್ನೊಂದು ಕೈ ಆಗಲೇ ಫೋನಿನ ಕಡೆ ಚಾಚಿತ್ತು.